ಆಸ್ಪತ್ರೆಯಿಂದ ಮನೆಗೆ ಬಂದವನ ಜೊತೆ ಏನು ಮಾತನಾಡಬೇಕು?

ಬದುವಿನ ಹುಲ್ಲು:
ಇದು ನನ್ನ ಪಕ್ಕದ ಮನೆಯವನ ವಿಷಯ. ಹೆಸರು, ಊರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ನಲವತ್ತರ ಆಸುಪಾಸಿನ ಮನುಷ್ಯ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಹೋದ ತಿಂಗಳ ಮೊದಲಿಗೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಮಗಳು ಬೇಗ ನೋಡಿದ್ದರಿಂದ ಉಳಿದ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಈಗ ಮೂರು ವಾರವಾಯಿತು.

ಊರಿನವರು ‘ಹೊಟ್ಟೆನೋವಿತ್ತಂತೆ’ ಎಂದು ಮಾತು ಮುಗಿಸುತ್ತಾರೆ. ಹೊಟ್ಟೆನೋವಲ್ಲ ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮೊದಲೆಲ್ಲ ಸಂಜೆ ಅವನ ಜಗಲಿಯಲ್ಲಿ ನಾಲ್ಕೈದು ಜನ ಕೂರುತ್ತಿದ್ದರು. ಈಗ ಆ ಜಗಲಿ ಹತ್ತಿರವಾಗುತ್ತಿದ್ದಂತೆ ಎಲ್ಲರ ಹೆಜ್ಜೆಯೂ ಚುರುಕಾಗುತ್ತದೆ. ನನ್ನದೂ ಅಷ್ಟೇ. ದಿನಕ್ಕೆ ಎರಡು ಸಲ ಅವನ ಬಾಗಿಲ ಮುಂದೆಯೇ ದನ ಹೊಡೆದುಕೊಂಡು ಹೋಗುತ್ತೇನೆ. ನಿನ್ನೆ ಅವನು ಕಂಬಕ್ಕೆ ಒರಗಿ ಕುಳಿತಿದ್ದ. ನನ್ನನ್ನು ಕಂಡು ಏಳಲು ಹೋದ. ನಾನು ಹಸುವಿನ ಕೊರಳ ಗಂಟೆ ಸರಿಮಾಡುವವನಂತೆ ತಲೆ ತಗ್ಗಿಸಿ ದಾಟಿಬಿಟ್ಟೆ. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಹೋದರೆ ಏನು ಮಾತನಾಡಲಿ? ಆ ವಿಷಯ ಎತ್ತಿದರೆ ಮತ್ತೆ ನೆನಪಾಗಿ ಏನಾದರೂ ಮಾಡಿಕೊಂಡರೆ? ಎತ್ತದೆ ಮಳೆ, ಬೆಳೆ ಎಂದು ಮಾತನಾಡಿ ಎದ್ದು ಬಂದರೆ ಅದಕ್ಕಿಂತ ದೊಡ್ಡ ನಾಟಕ ಬೇರೆ ಇದೆಯೇ?

ಮುಂಗಾರು:
ಹೋಗಿ. ಮಾತು ಆಮೇಲೆ ನೋಡಿಕೊಳ್ಳಬಹುದು.

ಕಲ್ಲುಬಾವಿ:
ನನ್ನ ಸಲಹೆ ಬೇರೆ. ಹೋಗಿ, ಆದರೆ ಆ ವಿಷಯ ಮಾತ್ರ ಎತ್ತಬೇಡಿ. ಹಸಿ ಗಾಯವನ್ನು ಕೆದಕಿದರೆ ಕೀವಾಗುತ್ತದೆ. ಮರೆವು ಎಂಬುದನ್ನು ದೇವರು ಕೊಟ್ಟಿರುವುದೇ ಇಂಥದ್ದಕ್ಕೆ. ನಮ್ಮ ಹಿರಿಯರು ಯಾರೂ ಹೀಗೆ ಕೂರಿಸಿಕೊಂಡು ಕೇಳುತ್ತಿರಲಿಲ್ಲ.

ರಾತ್ರಿಪಾಳಿ:
ಕಲ್ಲುಬಾವಿ ಅವರೇ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಈ ಮಾತನ್ನು ಒಪ್ಪಲಾರೆ. ನಾನು ನರ್ಸ್, ತುರ್ತು ಚಿಕಿತ್ಸಾ ವಿಭಾಗದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ. ‘ಕೇಳಿದರೆ ಯೋಚನೆ ಹುಟ್ಟುತ್ತದೆ’ ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ. ಇದರ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು 2014ರಲ್ಲಿ ಪರಿಶೀಲಿಸಿದ್ದಾರೆ. ಕೇಳುವುದರಿಂದ ಆ ಯೋಚನೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ, ಕೆಲವರಲ್ಲಿ ಕಡಿಮೆಯಾಗುವ ಸಾಧ್ಯತೆಯೇ ಕಂಡಿತು. ಯೋಚನೆ ಆ ಮನುಷ್ಯನ ತಲೆಯಲ್ಲಿ ಮೊದಲೇ ಇದೆ. ನಾವು ಕೇಳದೇ ಇದ್ದರೆ ಅದರ ಜೊತೆ ಅವನೊಬ್ಬನೇ ಇರಬೇಕಾಗುತ್ತದೆ.

ಬದುವಿನ ಹುಲ್ಲು ಅವರೇ, ಹೋಗಿ ಕುಳಿತುಕೊಳ್ಳಿ. ‘ನೀನು ಉಳಿದದ್ದು ನನಗೆ ಸಮಾಧಾನ’ ಎಂದು ಹೇಳಿ. ಸ್ವಲ್ಪ ಹೊತ್ತಾದ ಮೇಲೆ ನೇರವಾಗಿ ಕೇಳಿ: ‘ಸಾಯಬೇಕು ಎಂಬ ಯೋಚನೆ ಈಗಲೂ ಬರುತ್ತದೆಯೇ?’ ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿ ಬರುತ್ತದೆ. ‘ಹೆಂಡತಿ ಮಕ್ಕಳ ಮುಖವನ್ನಾದರೂ ನೋಡಬಾರದಿತ್ತೇ’ ಎಂದು ಮಾತ್ರ ಹೇಳಬೇಡಿ. ವಾರ್ಡಿಗೆ ಬರುವ ಹತ್ತು ನೆಂಟರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ, ಹಾಸಿಗೆಯಲ್ಲಿ ಇರುವವರು ಗೋಡೆಯ ಕಡೆ ಹೊರಳುತ್ತಾರೆ.

ಇನ್ನೊಂದು ಮಾತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರ, ಕೆಲವು ತಿಂಗಳು ಹೆಚ್ಚು ಅಪಾಯದ ಕಾಲ. ಊರಿನವರು ‘ಪಾರಾದ’ ಎಂದು ಉಸಿರು ಬಿಡುವುದೂ ಅದೇ ಹೊತ್ತಿನಲ್ಲಿ.

ಎರಡನೆಯ ಸಲ:
ಇಲ್ಲಿ ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೆ. ಹನ್ನೊಂದು ವರ್ಷಗಳ ಹಿಂದೆ ಅಂಥ ಜಗಲಿಯಲ್ಲಿ ಕುಳಿತವನು ನಾನು.

ಮನೆಗೆ ಬಂದ ಮೊದಲ ವಾರ ನೆಂಟರ ಸಾಲು. ಬಂದವರೆಲ್ಲ ಬುದ್ಧಿ ಹೇಳಿದರು. ಎರಡನೆಯ ವಾರದಿಂದ ಯಾರೂ ಇಲ್ಲ. ಬುದ್ಧಿಮಾತು ನೋಯಿಸಿತು, ಆದರೆ ಆ ಮೌನ ಇನ್ನೂ ಕೆಟ್ಟದ್ದು. ನನ್ನ ಮನೆಯೊಳಗೆ ನಾನೇ ಒಂದು ಅಪಶಕುನವಾದಂತೆ ಅನಿಸುತ್ತಿತ್ತು. ಮಕ್ಕಳು ನನ್ನ ಮುಂದೆ ಪಿಸುದನಿಯಲ್ಲಿ ಮಾತನಾಡುತ್ತಿದ್ದರು.

ಒಬ್ಬ ಮುದುಕರು ಮಾತ್ರ ಬರುತ್ತಿದ್ದರು. ಸಂಬಂಧಿಕರಲ್ಲ, ಎರಡು ಮನೆ ಆಚೆಯವರು. ಹಾಲಿನ ಲೆಕ್ಕದ ಪುಸ್ತಕ ಹಿಡಿದು ಬಂದು ‘ಕಣ್ಣು ಮಂಜಪ್ಪ, ಈ ವಾರದ್ದು ಕೂಡಿ ಹೇಳು’ ಎನ್ನುತ್ತಿದ್ದರು. ಕೂಡಿ ಹೇಳುತ್ತಿದ್ದೆ. ‘ಸರಿ, ನಾಳೆ ಬರುತ್ತೇನೆ’ ಎಂದು ಎದ್ದು ಹೋಗುತ್ತಿದ್ದರು. ಹೀಗೆ ಎಷ್ಟು ತಿಂಗಳು ಬಂದರೋ ಲೆಕ್ಕವಿಲ್ಲ. ಒಂದು ದಿನ ಪುಟ ಮಗುಚುವಾಗ ನೋಡಿದರೆ, ನಾನು ಕೂಡಬೇಕಾದ ಮೊತ್ತವನ್ನೆಲ್ಲ ಹಿಂಬದಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಅವರೇ ಮೊದಲೇ ಕೂಡಿಟ್ಟಿದ್ದರು. ಒಂದು ಪೈಸೆ ಹೆಚ್ಚುಕಡಿಮೆ ಇರಲಿಲ್ಲ. ನಾನು ಅದನ್ನು ಕಂಡೆನೆಂದು ಅವರಿಗೆ ಹೇಳಲಿಲ್ಲ. ಪುಸ್ತಕ ಮುಚ್ಚಿ ಕೊಟ್ಟೆ, ಮಾರನೆಯ ದಿನ ಮತ್ತೆ ಕೂಡಿದೆ.

ರಾತ್ರಿಪಾಳಿ:
ಅಣ್ಣ, ಬರೆದದ್ದು ಒಳ್ಳೆಯದಾಯಿತು. ಆ ಅಜ್ಜ ಮಾಡಿದ್ದಕ್ಕೆ ವೈದ್ಯಲೋಕದಲ್ಲಿ ಸಾಕ್ಷ್ಯವೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ನಡೆಸಿತ್ತು, ಅದರಲ್ಲಿ ನಮ್ಮ ಚೆನ್ನೈ, ಪಕ್ಕದ ಕೊಲಂಬೊ ಕೂಡ ಇದ್ದವು. ಪ್ರಯತ್ನ ಮಾಡಿ ಬದುಕುಳಿದ ಸುಮಾರು 1,800 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಒಂದು ಗಂಟೆಯ ತಿಳಿವಳಿಕೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲಿ ಅಥವಾ ಮನೆಗೆ ಹೋಗಿ ವಿಚಾರಿಸುವುದು, ಅಷ್ಟೇ. 2008ರಲ್ಲಿ ಫಲಿತಾಂಶ ಬಂತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 2.2 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2.

ಒಂಬತ್ತು ಸಲ. ಪಕ್ಕದ ಮನೆಯವರು ಅದನ್ನು ಒಂದು ವಾರದಲ್ಲಿ ಮಾಡಬಹುದು.

ಕೆಂಪುಮಣ್ಣು:
ಎಲ್ಲರೂ ಮಾತು, ಮಾತು ಎನ್ನುತ್ತಿದ್ದೀರಿ. ಸಾಲ ಕೊಟ್ಟವನು ಅಂಗಳದಲ್ಲಿ ನಿಂತು ಹೆಂಡತಿಯ ಎದುರು ಬೈಯುವಾಗ ನಿಮ್ಮ ಮಾತು ಯಾವ ಬಡ್ಡಿ ಕಟ್ಟುತ್ತದೆ? ಬೆಲೆ ಕೊಡಿ, ನೀರು ಕೊಡಿ, ಬೆಳೆ ಹೋದಾಗ ವಿಮೆಯ ಹಣ ಸಮಯಕ್ಕೆ ಕೊಡಿ. ಆಮೇಲೆ ಮನಸ್ಸು, ಕೌನ್ಸೆಲಿಂಗ್ ಎಂದು ಬನ್ನಿ. ಹೊಲದ ರೋಗಕ್ಕೆ ತಲೆಗೆ ಮದ್ದು ಕೊಟ್ಟರೆ ಹೇಗೆ?

ಹಳೆಯ ಮೇಷ್ಟ್ರು:
ನಿಮ್ಮ ಸಿಟ್ಟು ನ್ಯಾಯದ್ದು. ಸಾಲದ ಮಾತು ಬಿಟ್ಟು ಹಳ್ಳಿಯ ಆತ್ಮಹತ್ಯೆಯ ಬಗ್ಗೆ ಮಾತನಾಡುವವರನ್ನು ನಾನೂ ನಂಬುವುದಿಲ್ಲ. ಆದರೆ ಮೂವತ್ತೊಂದು ವರ್ಷ ಹಳ್ಳಿಯ ಶಾಲೆಯಲ್ಲಿ ಇದ್ದವನು ನಾನು. ನನ್ನ ಕಣ್ಣೆದುರು ಹೋದವರಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬಳು ಮದುವೆಯಾಗಿ ವರ್ಷ ತುಂಬದ ಹುಡುಗಿ, ಒಬ್ಬರು ಮಂಡಿನೋವಿನಿಂದ ಹಾಸಿಗೆ ಹಿಡಿದ ವೃದ್ಧೆ. ಇವರಲ್ಲಿ ಯಾರ ಹೆಸರಿನಲ್ಲೂ ಪಹಣಿ ಇರಲಿಲ್ಲ, ಸಾಲವೂ ಇರಲಿಲ್ಲ. ‘ರೈತನ ಸಾವು’ ಎಂಬ ಒಂದೇ ಚೌಕಟ್ಟಿನಲ್ಲಿ ನೋಡುತ್ತ ಹೋದರೆ ಈ ನಾಲ್ವರೂ ಕಾಣಿಸುವುದೇ ಇಲ್ಲ.

ಕೆಂಪುಮಣ್ಣು:
ಮೇಷ್ಟ್ರೇ, ಒಪ್ಪಿದೆ. ಆದರೆ ಸಾಲದ ಕಾಗದ ಹಿಡಿದು ಬ್ಯಾಂಕಿಗೆ ಜೊತೆಯಲ್ಲಿ ಹೋಗುವುದೂ ಸಾಂತ್ವನವೇ ಎಂದು ಬರೆಯಿರಿ. ಬರೀ ‘ಧೈರ್ಯ ತಂದುಕೋ’ ಸಾಲದು.

ಎರಡನೆಯ ಸಲ:
ಇದು ಸತ್ಯ. ನನಗಾಗಿ ಒಬ್ಬರು ಮಾತನಾಡಿ ಕಂತು ಮುಂದೂಡಿಸಿದರು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ಆದರೆ ಗುಳಿಗೆಯೂ ಬೇಕಾಯಿತು, ಅದನ್ನೂ ಹೇಳುತ್ತೇನೆ. ಖಿನ್ನತೆ ಇದ್ದಾಗ ಲೆಕ್ಕವೇ ಬೇರೆ ಆಗಿಬಿಡುತ್ತದೆ. ತೀರಿಸಬಹುದಾದ ಸಾಲವೂ ತೀರದ್ದಾಗಿ ಕಾಣುತ್ತದೆ.

ಹೊಸಿಲು:
ಎಲ್ಲರೂ ಆ ಅಣ್ಣನ ಬಗ್ಗೆ ಮಾತನಾಡುತ್ತಿದ್ದೀರಿ. ಮನೆಯೊಳಗೆ ಅವರ ಹೆಂಡತಿ ಇದ್ದಾರೆ. ಮೊದಲು ನೋಡಿದ ಆ ಮಗಳಿದ್ದಾಳೆ. ಅವರನ್ನು ಯಾರಾದರೂ ಕೇಳಿದಿರಾ?

ಬದುವಿನ ಹುಲ್ಲು:
ಇಲ್ಲ ಅಕ್ಕ. ಕೇಳಿಲ್ಲ.

ಅಂಗಳ:
ನನ್ನದು ಒಂದು ಸರಳ ಉಪಾಯ. ಕೀಟನಾಶಕವನ್ನು ಪ್ರತಿ ಮನೆಯಲ್ಲೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂತೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ಸಂಘದಿಂದಲೇ ಪೆಟ್ಟಿಗೆ ಹಂಚಬಹುದು. ಅದರಲ್ಲೂ [ನಿರ್ವಾಹಕರು ತೆಗೆದಿದ್ದಾರೆ] ಎಂಬ ಔಷಧವನ್ನಂತೂ ಮನೆಯೊಳಗೆ ಇಡಲೇಬಾರದು.

ನಿರ್ವಾಹಕರು:
ಇಲ್ಲಿ ಔಷಧದ ಹೆಸರು, ಪ್ರಮಾಣ, ವಿಧಾನ ಯಾವುದನ್ನೂ ಬರೆಯಬೇಡಿ. ಈ ಚರ್ಚೆಯನ್ನು ಯಾರು ಯಾವ ಸ್ಥಿತಿಯಲ್ಲಿ ಓದುತ್ತಿದ್ದಾರೋ ನಮಗೆ ಗೊತ್ತಿಲ್ಲ. ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕೇಂದ್ರ ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಈ ಕ್ಷಣವೇ ಅಪಾಯವಿದ್ದರೆ 112.

ಅಂಗಳ:
ಕ್ಷಮಿಸಿ. ಯೋಚಿಸದೆ ಬರೆದೆ.

ಕೃಷಿ ಪದವೀಧರ:
ಬೀಗದ ಪೆಟ್ಟಿಗೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ನಾನೂ ಅದನ್ನೇ ನಂಬಿದ್ದೆ. ಶ್ರೀಲಂಕಾದ 180 ಹಳ್ಳಿಗಳಲ್ಲಿ, 50 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸೇರಿಸಿ ಇದನ್ನು ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಬೀಗದ ಡಬ್ಬ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆಯದ್ದು. ವಿಷ ಸೇವನೆಯ ಪ್ರಕರಣಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಅದೇ ದೇಶದಲ್ಲಿ ಕೆಲಸ ಮಾಡಿದ್ದು ನಿಷೇಧ. 1995ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಆತ್ಮಹತ್ಯೆ ನಡೆಯುವ ದೇಶಗಳಲ್ಲಿ ಶ್ರೀಲಂಕಾ ಒಂದಾಗಿತ್ತು. ಅತಿ ಹೆಚ್ಚು ವಿಷವುಳ್ಳ ಕೀಟನಾಶಕಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ತೆಗೆದರು. ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70 ಇಳಿಯಿತು. ‘ಇಳುವರಿ ಬೀಳುತ್ತದೆ’ ಎಂದು ಹೆದರಿಸಿದವರಿದ್ದರು. ನಿಷೇಧದ ಕಾರಣಕ್ಕೆ ಇಳುವರಿ ಬೀಳಲಿಲ್ಲ.

ಅಂಗಳ:
ಹಾಗಾದರೆ ಊರಿನ ಮಟ್ಟದಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲವೇ? ಸರ್ಕಾರ ನಿಷೇಧಿಸುವವರೆಗೆ ಕಾಯಬೇಕೇ?

ಕೃಷಿ ಪದವೀಧರ:
ಇದೆ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯವರು ಔಷಧವನ್ನು ಮನೆಯಿಂದಲೇ ಹೊರಗೆ ತಂದರು. ಊರಿಗೆ ಒಂದು ಕೊಠಡಿ, ಅದರಲ್ಲಿ ಪ್ರತಿಯೊಬ್ಬ ರೈತನಿಗೆ ಬೀಗವಿರುವ ಖಾನೆ. ಬೇಕಾದಾಗ ಹೋಗಿ ತರುವುದು, ಉಳಿದದ್ದನ್ನು ಅಲ್ಲೇ ಇಡುವುದು. ಎರಡೇ ಹಳ್ಳಿಗಳ ಸಣ್ಣ ಪ್ರಯೋಗ, ಆದರೆ ಅಲ್ಲಿ ಪ್ರಕರಣಗಳು ಕಡಿಮೆಯಾದವು. ನನ್ನ ಲೆಕ್ಕದಲ್ಲಿ ಗುಟ್ಟು ಇರುವುದು ದೂರದಲ್ಲಿ. ಮನೆಯ ಪೆಟ್ಟಿಗೆಯ ಕೀಲಿ ಗೂಟದಲ್ಲೇ ನೇತಾಡುತ್ತಿರುತ್ತದೆ. ಊರ ಕೊಠಡಿಗೆ ನಡೆದು ಹೋಗಬೇಕು, ಇನ್ನೊಬ್ಬರನ್ನು ಕೂಗಬೇಕು, ಅಷ್ಟರಲ್ಲಿ ಹೊತ್ತು ಸರಿಯುತ್ತದೆ.

ರಾತ್ರಿಪಾಳಿ:
ಆ ಸರಿಯುವ ಹೊತ್ತೇ ಜೀವ. ‘ಸಾಯಬೇಕೆಂದು ನಿರ್ಧರಿಸಿದವನನ್ನು ಬ್ರಹ್ಮನೂ ತಡೆಯಲಾರ’ ಎಂದು ಜನ ಹೇಳುತ್ತಾರಲ್ಲ, ಅದು ನಾನು ಕಂಡ ಮಟ್ಟಿಗೆ ಸುಳ್ಳು. ಎಷ್ಟೋ ಜನರಿಗೆ ಆ ಗಳಿಗೆ ಒಂದು ಜಗಳದ ಬೆನ್ನಿಗೆ, ಕುಡಿದ ಅಮಲಿನಲ್ಲಿ ಬಂದು ಹೋಗುವಂಥದ್ದು. ಬದುಕುಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಬೆಳಗ್ಗೆ ಕಣ್ಣು ಬಿಟ್ಟವರು ನನ್ನ ಕೈ ಹಿಡಿದು ‘ಸಿಸ್ಟರ್, ನಾನು ಉಳಿಯುತ್ತೇನಲ್ಲವೇ?’ ಎಂದು ಕೇಳಿದ್ದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ.

ಯಾರಾದರೂ ವಿಷ ಸೇವಿಸಿದ್ದು ಗೊತ್ತಾದರೆ ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡವೇ ಬೇಡ. ಅದರಿಂದ ವಿಷ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. 108ಕ್ಕೆ ಕರೆ ಮಾಡಿ, ಡಬ್ಬ ಅಥವಾ ಅದರ ಚೀಟಿಯನ್ನು ಜೊತೆಯಲ್ಲಿ ತನ್ನಿ.

ಕಲ್ಲುಬಾವಿ:
ಇದು ನನಗೆ ಗೊತ್ತಿರಲಿಲ್ಲ ಮೇಡಂ. ನಮ್ಮ ಕಡೆ ಮೊದಲು ಮಾಡುವುದೇ ವಾಂತಿ ಮಾಡಿಸುವ ಕೆಲಸ. ಇನ್ನೊಂದು ಪ್ರಶ್ನೆ. ಪೊಲೀಸ್ ಕೇಸು ಆಗುತ್ತದೆ ಎಂದೇ ಜನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಹೆದರುತ್ತಾರೆ. ‘ಹೊಟ್ಟೆನೋವು’ ಎನ್ನುವುದೂ ಅದಕ್ಕೇ ಇರಬಹುದು.

ದಾವೆ ದಸ್ತಾವೇಜು:
ವಕೀಲನಾಗಿ ಉತ್ತರಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಅವರ ಆರೈಕೆ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲೆಂದೇ ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ 226ನೇ ಸೆಕ್ಷನ್ ಇದೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಅದು ನಡೆದ ಮಾತ್ರಕ್ಕೆ ರೋಗಿ ಆರೋಪಿಯಾಗುವುದಿಲ್ಲ. ಕೇಸಿನ ಭಯಕ್ಕೆ ಒಂದು ಗಂಟೆ ತಡ ಮಾಡಬೇಡಿ.

ಪತ್ರಿಕೆ ಓದುಗ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ‘ಆತ್ಮಹತ್ಯೆಗೆ ಶರಣು’ ಎಂಬ ತಲೆಬರಹ ನೋಡಿದಾಗಲೆಲ್ಲ ನನಗೆ ಉರಿ ಹತ್ತುತ್ತದೆ. ಶರಣು ಎಂದರೆ ಆಶ್ರಯ ಕೇಳುವುದು. ಕೈಮುಗಿದು ‘ಶರಣು’ ಎನ್ನುವ ಮಾತು ಎಷ್ಟು ದೊಡ್ಡದು ನಮ್ಮಲ್ಲಿ! ಸಾವು ಆಶ್ರಯ ಕೊಡುತ್ತದೆ ಎಂದು ಪ್ರತಿದಿನ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದೇವೆ.

ಮುಂಗಾರು:
ಹೊಟ್ಟೆಗಿಲ್ಲದವನಿಗೆ ಪದಕೋಶ ಕೊಟ್ಟಂತಾಯಿತು. ಪದ ಬದಲಿಸಿದರೆ ಸಾವು ನಿಲ್ಲುತ್ತದೆಯೇ?

ಪತ್ರಿಕೆ ಓದುಗ:
ಪದವೊಂದರಿಂದಲೇ ನಿಲ್ಲುತ್ತದೆ ಎಂದು ನಾನೆಲ್ಲಿ ಹೇಳಿದೆ? ವರದಿ ಮಾಡುವ ರೀತಿಯಿಂದ ಅನುಕರಣೆಯ ಸಾವು ಹೆಚ್ಚಬಹುದು, ಎಚ್ಚರದಿಂದ ಬರೆದರೆ ಅದನ್ನು ತಗ್ಗಿಸಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗಾಗಿ ಮಾರ್ಗಸೂಚಿ ಮಾಡಿದೆ. ವಿಧಾನ ವಿವರಿಸಬೇಡಿ, ಕೊನೆಯ ಪತ್ರ ಅಚ್ಚು ಹಾಕಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ ಎನ್ನುತ್ತದೆ. ಈಗ ಊರಿನ ವಾಟ್ಸ್‌ಆ್ಯಪ್ ಗುಂಪುಗಳೇ ಪತ್ರಿಕೆಗಳು. ಪೊಲೀಸರು ಬರುವ ಮೊದಲೇ ಫೋಟೋ ಹತ್ತು ಗುಂಪುಗಳಲ್ಲಿ ಇರುತ್ತದೆ.

ಹೊಸಿಲು:
ಮುಂಗಾರು ಅವರೇ, ಪದದಿಂದ ಏನಾಗುತ್ತದೆ ಎಂದಿರಲ್ಲ. ನನ್ನ ತಮ್ಮ ಹೋದಾಗ ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು, ಇದೇ ತಲೆಬರಹ. ಅಮ್ಮ ಆ ತುಣುಕನ್ನು ಕತ್ತರಿಸಿ, ತಲೆಬರಹವನ್ನು ಮಡಚಿ ಹಿಂದಕ್ಕೆ ಸೇರಿಸಿ, ಅವನ ಹೆಸರಿರುವ ಸಾಲು ಮಾತ್ರ ಕಾಣುವಂತೆ ಡಬ್ಬದಲ್ಲಿ ಇಟ್ಟುಕೊಂಡಿದ್ದರು. ಈಗ ಆ ಮಡಿಕೆಯ ಜಾಗದಲ್ಲೇ ಕಾಗದ ಹರಿದಿದೆ.

ಮುಂಗಾರು:
ಅಕ್ಕ, ಕ್ಷಮಿಸಿ. ದುಡುಕಿ ಬರೆದೆ. ಆ ಮಾತು ವಾಪಸ್.

ಹಳೆಯ ಮೇಷ್ಟ್ರು:
ಹೊಸಿಲು ಅವರು ಮಗಳ ಮಾತು ಎತ್ತಿದ್ದಾರೆ. ಮಕ್ಕಳಿಗೆ ‘ಅಪ್ಪನಿಗೆ ಹೊಟ್ಟೆನೋವು’ ಎಂದು ಹೇಳಬೇಡಿ. ಆ ಮಗು ಕಣ್ಣಾರೆ ನೋಡಿದೆ. ದೊಡ್ಡವರೆಲ್ಲ ಸುಳ್ಳು ಹೇಳಿದರೆ ತಾನು ಕಂಡದ್ದನ್ನು ಹಂಚಿಕೊಳ್ಳಲು ಅದಕ್ಕೆ ಯಾರೂ ಉಳಿಯುವುದಿಲ್ಲ. ‘ಅಪ್ಪನ ಮನಸ್ಸಿಗೆ ತುಂಬ ಕಾಯಿಲೆಯಾಗಿತ್ತು, ಈಗ ಔಷಧ ತೆಗೆದುಕೊಳ್ಳುತ್ತಿದ್ದಾರೆ, ನಿನ್ನ ತಪ್ಪೇನೂ ಇಲ್ಲ’ ಎಂದು ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ. ಕೊನೆಯ ಮಾತನ್ನು ಬಿಡಬೇಡಿ. ಮೊನ್ನೆ ತಾನು ಹಟ ಮಾಡಿದ್ದಕ್ಕೇ ಅಪ್ಪ ಹೀಗೆ ಮಾಡಿದ ಎಂದು ಮಕ್ಕಳು ಒಳಗೊಳಗೇ ನಂಬಿಬಿಡುತ್ತಾರೆ. ಶಾಲೆಯಲ್ಲಿ ಒಬ್ಬ ಶಿಕ್ಷಕರಿಗಾದರೂ ವಿಷಯ ಗೊತ್ತಿರಲಿ.

ಕೆಂಪುಮಣ್ಣು:
ಬದುವಿನ ಹುಲ್ಲು ಅವರೇ, ಎಲ್ಲಿದ್ದೀರಿ? ಹೋದಿರೋ ಇಲ್ಲವೋ?

ಬದುವಿನ ಹುಲ್ಲು (ನಾಲ್ಕು ದಿನಗಳ ನಂತರ):
ಹೋಗಿದ್ದೆ. ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ.

ಮೊದಲ ದಿನ ದನ ಕಟ್ಟಿ ನೇರ ಹೋಗಿ ಜಗಲಿಯಲ್ಲಿ ಕುಳಿತೆ. ಇಬ್ಬರೂ ಮಾತನಾಡಲಿಲ್ಲ. ಸುಮಾರು ಹೊತ್ತಾದ ಮೇಲೆ ಅವನೇ ‘ಕರು ಹೇಗಿದೆ?’ ಎಂದ. ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದಾಗಲೂ ಕರು ಕುಂಟುವುದನ್ನು ಅವನು ಗಮನಿಸಿದ್ದ. ‘ಮೊನ್ನೆ ನಿನ್ನನ್ನು ನೋಡಿಯೂ ನೋಡದವನಂತೆ ಹೋದೆ, ತಪ್ಪಾಯಿತು’ ಎಂದೆ. ಅವನು ಏನೂ ಹೇಳಲಿಲ್ಲ, ಸ್ವಲ್ಪ ಸರಿದು ಕಂಬಕ್ಕೆ ಒರಗಲು ನನಗೂ ಜಾಗ ಮಾಡಿದ.

ಎರಡನೆಯ ದಿನ ಕೇಳಿದೆ. ನರ್ಸ್ ಅಕ್ಕ ಹೇಳಿದ ಮಾತನ್ನೇ, ಹಾಗೇ. ನಾಲಿಗೆ ಒಣಗಿತ್ತು. ಅವನು ಉಗುರಿನಿಂದ ನೆಲದ ಸಿಮೆಂಟು ಕೆರೆಯುತ್ತ ತುಂಬ ಹೊತ್ತು ಕುಳಿತ. ಆಮೇಲೆ ‘ಬೆಳಗಿನ ಜಾವ ಬರುತ್ತದೆ. ಬೆಳಕು ಹರಿದ ಮೇಲೆ ಕಡಿಮೆ’ ಎಂದ. ಇಷ್ಟು ದಿನದಲ್ಲಿ ಇದನ್ನು ಯಾರಿಗಾದರೂ ಹೇಳಿದ್ದಾನೆಯೇ ಎಂದರೆ, ಯಾರೂ ಕೇಳಲಿಲ್ಲ ಎಂದ. 14416ಕ್ಕೆ ನನ್ನ ಮೊಬೈಲಿನಿಂದಲೇ ಕರೆ ಮಾಡಿ ಕೊಟ್ಟೆ. ಮೊದಲು ‘ಹೂಂ, ಇಲ್ಲ’ ಎನ್ನುತ್ತಿದ್ದವನು ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಮಾತನಾಡಿದ.

ಆಸ್ಪತ್ರೆಯಲ್ಲಿ ಮತ್ತೆ ಬಂದು ತೋರಿಸಲು ಹೇಳಿದ್ದ ದಿನ ಯಾವಾಗಲೋ ದಾಟಿಹೋಗಿದೆ. ಗುಳಿಗೆಯ ಹಾಳೆಗಳು ಗೂಡಿನಲ್ಲಿ ಹಾಗೇ ಇದ್ದವು, ಎರಡೇ ಖಾಲಿ. ಕೊಟ್ಟಿಗೆಯ ಅಟ್ಟದಲ್ಲಿದ್ದ ಡಬ್ಬಗಳನ್ನು ಅವನಿಗೆ ಹೇಳಿಯೇ ಇಳಿಸಿ ಊರಾಚೆ ನನ್ನ ಪಂಪ್‌ಹೌಸಿಗೆ ಸಾಗಿಸಿ ಬೀಗ ಹಾಕಿದೆ. ಕೀಲಿ ನನ್ನ ಅಣ್ಣನ ಹತ್ತಿರ ಇದೆ.

ಹೊಸಿಲು ಅಕ್ಕ, ಅವನ ಹೆಂಡತಿಯ ಹತ್ತಿರ ನನ್ನ ಮನೆಯವಳು ಹೋಗಿದ್ದಳು. ಆ ತಾಯಿ ಒಂದು ತಿಂಗಳಿನಿಂದ ರಾತ್ರಿ ನಿದ್ದೆ ಮಾಡಿಲ್ಲವಂತೆ. ಅವನು ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಾರಂತೆ. ನಿನ್ನೆ ರಾತ್ರಿ ಅವನ ಜೊತೆ ಜಗಲಿಯಲ್ಲಿ ನಾನು ಮಲಗಿದ್ದೆ, ಒಳಗೆ ತಾಯಿ ಮಗಳು ಮಲಗಿದರು. ಬೆಳಗಿನ ಜಾವ ಅವನು ಎದ್ದ, ನಾನೂ ಎದ್ದೆ. ಇಬ್ಬರೂ ಹೋಗಿ ಕರುವಿನ ಕಾಲು ನೋಡಿದೆವು.

ಹೊಸಿಲು:
ಇಂದು ರಾತ್ರಿ ಯಾರು ಮಲಗುತ್ತಾರೆ? ನೀವೊಬ್ಬರೇ ಎಷ್ಟು ದಿನ ತಾಳುತ್ತೀರಿ? ಇನ್ನಿಬ್ಬರನ್ನು ಸೇರಿಸಿಕೊಳ್ಳಿ.

ರಾತ್ರಿಪಾಳಿ:
ಬೆಳಗಿನ ಜಾವ ಬರುತ್ತದೆ ಎಂದಿದ್ದನ್ನು, ಗುಳಿಗೆ ಬಿಟ್ಟದ್ದನ್ನು ವೈದ್ಯರಿಗೆ ಹೇಳಲೇಬೇಕು. ಬಿಟ್ಟ ಗುಳಿಗೆಯನ್ನು ಒಟ್ಟಿಗೆ ನುಂಗಿಸಬೇಡಿ. ಆ ಹಾಳೆಗಳನ್ನೆಲ್ಲ ಮನೆಯವರು ತಮ್ಮ ವಶದಲ್ಲಿ ಇಟ್ಟುಕೊಂಡು ಆ ದಿನದ್ದನ್ನು ಮಾತ್ರ ಕೊಡಲಿ. ಯಾವಾಗ ಕರೆದೊಯ್ಯುತ್ತೀರಿ?

ಬದುವಿನ ಹುಲ್ಲು:
ನಾಳೆ ಬೆಳಗ್ಗೆ ಏಳರ ಬಸ್ಸಿಗೆ. ಹಳೆಯ ಚೀಟಿಗಳನ್ನೆಲ್ಲ ಮಗಳು ಒಂದು ಚೀಲದಲ್ಲಿ ಹಾಕಿಟ್ಟಿದ್ದಾಳೆ. ಇಂದು ರಾತ್ರಿ ಅಣ್ಣ ಮಲಗುತ್ತಾನೆ.